ಮಣ್ಣಿನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದವರು

ಅವರು ತೀರಿಕೊಂಡ ಸುದ್ದಿ ಇಲಾಖೆಯ ವಾಟ್ಸಾಪ್ ಗ್ರೂಪಿನಲ್ಲಿ ಬಂದಾಗ ನಾನು ಚನ್ನಪಟ್ಟಣದ ಕಚೇರಿಯಲ್ಲಿ ಕೂತು ಬಿತ್ತನೆ ರಾಗಿಯ ಪಟ್ಟಿ ನೋಡುತ್ತಿದ್ದೆ. ಐದು ನಿಮಿಷದೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಡುವೆ, ಹಿಂದೆ ಅವರಿಗೆ ನೋಟಿಸ್ ಕೊಟ್ಟಿದ್ದ ಸಾಹೇಬರೇ ಬರೆದಿದ್ದರು: 'ಶಾಂತ ಸ್ವಭಾವದ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಿದ್ದ ಸರಳ ವ್ಯಕ್ತಿ. ಇಲಾಖೆಗೆ ತುಂಬಲಾರದ ನಷ್ಟ.'

ಓದಿ ನನ್ನ ಮೈ ಉರಿಯಿತು. ಅವರು ಶಾಂತ ಸ್ವಭಾವದವರಲ್ಲ. ಯಾರೊಂದಿಗೂ ಹೊಂದಿಕೊಂಡು ಹೋದವರಲ್ಲ. ಹೊಂದಿಕೊಂಡು ಹೋದವಳು ನಾನು. ಇನ್ನು ತುಂಬಲಾರದ ನಷ್ಟದ ಮಾತು. ಅವರನ್ನು ಪ್ರಯೋಗಾಲಯದಿಂದ ಎತ್ತಿ ಗೋದಾಮಿಗೆ ಹಾಕಿದ ದಿನ ಅದೇ ಸಾಹೇಬರು ಮಧ್ಯಾಹ್ನ ಎಲ್ಲರಿಗೂ ಮದ್ದೂರು ವಡೆ ತರಿಸಿದ್ದರು. ಸತ್ತವರ ಬಗ್ಗೆ ಒಳ್ಳೆಯ ಮಾತು ಆಡಬೇಕು, ನಿಜ. ಆದರೆ ಆ ಒಳ್ಳೆಯ ಮಾತು ಅವರದಾಗಿರಬೇಕು, ನಮಗೆ ಅನುಕೂಲವಾದ ಇನ್ಯಾರದೋ ಆಗಿರಬಾರದು.

ನಾನು ಎಂಎಸ್ಸಿ ಮುಗಿಸಿ ಈ ಜಿಲ್ಲೆಯ ಒಂದು ಸಣ್ಣ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಸೇರಿದಾಗ ಅವರಿಗೆ ಐವತ್ತೆರಡು ದಾಟಿತ್ತು. ಎಸ್ಸೆಸ್ಸೆಲ್ಸಿವರೆಗೆ ಓದಿ ಅಟೆಂಡರ್ ಆಗಿ ಸೇರಿ, ಬಡ್ತಿ ಸಿಕ್ಕಿ ಲ್ಯಾಬ್ ಸಹಾಯಕರಾಗಿದ್ದರು. ಮಾಗಡಿ ತಾಲ್ಲೂಕಿನ ಕಲ್ಯದವರು. ಹುದ್ದೆಯಲ್ಲಿ ನಾನು ಅವರಿಗಿಂತ ಮೇಲೆ, ವಯಸ್ಸಿನಲ್ಲಿ ಅವರ ಮಗಳಷ್ಟು. ನನ್ನನ್ನು 'ಮೇಡಂ' ಎನ್ನುತ್ತಿದ್ದರು. ಆ ಮಾತಿನಲ್ಲಿ ಗೌರವಕ್ಕಿಂತ, ಇವಳಿಗೆ ಎಲ್ಲಿಂದ ಶುರುಮಾಡಿ ಕಲಿಸಬೇಕು ಎಂಬ ಯೋಚನೆಯೇ ಹೆಚ್ಚಿರುತ್ತಿತ್ತು.

ಮೊದಲ ದಿನವೇ ಎರಡು ಹಿಡಿ ಮಣ್ಣು ತಂದು ನನ್ನ ಮುಂದೆ ಹಿಡಿದರು. ಮೂಸಿ ನೋಡಿ ಎಂದರು. ಒಂದರಲ್ಲಿ ಮೊದಲ ಮಳೆ ಬಿದ್ದಾಗ ಬರುವ ವಾಸನೆ. ಇನ್ನೊಂದರಲ್ಲಿ ಏನೂ ಇಲ್ಲ, ಒದ್ದೆ ಸಿಮೆಂಟಿನಂಥ ಒಂದು ತಣ್ಣನೆಯ ವಾಸನೆ ಬಿಟ್ಟರೆ.

"ಆ ವಾಸ್ನೆ ಮಣ್ಣಿಂದಲ್ಲ ಮೇಡಂ," ಎಂದರು. "ಅದ್ರೊಳಗೆ ಇರೋರ್ದು. ಕಣ್ಣಿಗೆ ಕಾಣಾಕಿಲ್ಲ ಅಷ್ಟೇ."

ಅದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಮಣ್ಣನ್ನು ಮೂಸಿ ನೋಡಿದ್ದು ಅವತ್ತೇ ಮೊದಲು.

ಇದನ್ನೆಲ್ಲ ಅವರು ಎಲ್ಲಿ ಕಲಿತರು ಎಂಬುದೂ ಹೇಳಬೇಕಾದ ಮಾತೇ. ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಯೋಜನೆಯಲ್ಲಿ ಗಾಜಿನ ತಟ್ಟೆ ತೊಳೆಯುವ ಕೆಲಸಕ್ಕಿದ್ದರು. ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ಎಣಿಸುವ ತಟ್ಟೆಗಳವು. ಅಲ್ಲಿದ್ದ ವಿಜ್ಞಾನಿಯೊಬ್ಬರು, ತೊಳೆಯುವವನಿಗೆ ತಾನು ತೊಳೆಯುತ್ತಿರುವುದು ಏನೆಂದು ಗೊತ್ತಿರಬೇಕು ಎಂದು ಒಂದೊಂದನ್ನೂ ತೋರಿಸಿ ಹೇಳಿಕೊಟ್ಟರಂತೆ. ಯೋಜನೆ ಮುಗಿಯಿತು, ಇವರು ನಮ್ಮಲ್ಲಿಗೆ ಬಂದರು. ನಮ್ಮಲ್ಲಿ ಸೂಕ್ಷ್ಮಜೀವಿಗಳ ಪರೀಕ್ಷೆಯೇ ಇರಲಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಇಂಗಾಲ, ಉಪ್ಪು, ಹುಳಿ ಎಷ್ಟಿದೆ ಎಂದು ನೋಡಿ ಕಾರ್ಡಿನಲ್ಲಿ ತುಂಬಿಸಿ ಕೊಡುವುದಷ್ಟೇ. ಆ ಕಾರ್ಡನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಮನೇಲಿ ಎಷ್ಟು ಮೂಟೆ ರಾಗಿ ಐತೆ ಅಂತ ಎಣಿಸಿ ಬರ್ಕೊಡ್ತೀವಿ. ಮನೇಲಿ ಜನ ಅವ್ರಾ ಅಂತ ಕೇಳಾಕಿಲ್ಲ," ಎನ್ನುತ್ತಿದ್ದರು.

ಕೋಪ ಬಂದರೆ ಮೊದಲು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಜಗಳಕ್ಕೆ ಹೋಗುವವನು ವಾಚು ಬಿಚ್ಚಿಡುವ ಹಾಗೆ. ಆಮೇಲೆ ದನಿ ಏರುತ್ತಿತ್ತು. ಮಾರ್ಚಿ ತಿಂಗಳ ಒಂದು ದಿನ ಕ್ಷೇತ್ರ ಸಿಬ್ಬಂದಿಯೊಬ್ಬ ಹತ್ತು ಚೀಲ ಮಣ್ಣು ತಂದಿಟ್ಟ. ಹತ್ತಕ್ಕೂ ಬೇರೆ ಬೇರೆ ರೈತರ ಹೆಸರು, ಬೇರೆ ಬೇರೆ ಸರ್ವೆ ನಂಬರು. ಇವರು ಎಲ್ಲವನ್ನೂ ಹಳೇ ಪೇಪರಿನ ಮೇಲೆ ಸುರಿದು ಸ್ವಲ್ಪ ಹೊತ್ತು ನೋಡಿದರು. ಹತ್ತರಲ್ಲೂ ಒಂದೇ ಬಣ್ಣ, ಹತ್ತರಲ್ಲೂ ಇಟ್ಟಿಗೆಯ ಚೂರು. ಕನ್ನಡಕ ಜೇಬಿಗೆ ಹೋಯಿತು. ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿ ಹೊತ್ತು ಹೊರಗೆ ಹೋಗಿ ನಮ್ಮ ಕಾಂಪೌಂಡಿನ ದಾಸವಾಳದ ಬುಡಕ್ಕೆ ಸುರಿದು ಬಂದರು. ಆತ ಕೂಗಾಡಿದಾಗ, ಎಲ್ಲಿಂದ ಅಗೆದು ತಂದಿದ್ದೆಯೋ ಅಲ್ಲಿಗೇ ಹಾಕಿದ್ದೇನೆ ಕಣ್ಲಾ, ಬೇಕಾದರೆ ಗುಂಡಿ ತೋರಿಸುತ್ತೇನೆ ಬಾ ಎಂದರು. ಗುಂಡಿ ನಿಜವಾಗಿಯೂ ಅಲ್ಲೇ ಇತ್ತು. ತಿಂಗಳ ಗುರಿಯಲ್ಲಿ ಹತ್ತು ಮಾದರಿ ಕಡಿಮೆಯಾಗಿದ್ದಕ್ಕೆ ವಿವರಣೆ ಕೇಳಿ ಮೇಲಿನಿಂದ ಪತ್ರ ಬಂತು. ಬಂದದ್ದು ಆತನಿಗಲ್ಲ, ಇವರಿಗೆ.

ಹೊಲಕ್ಕೆ ಹೋದಾಗ ಮಾತ್ರ ಅವರು ಬೇರೆ ಮನುಷ್ಯ. ಬದುವಿನ ಮೇಲೆ ಚಪ್ಪಲಿ ಬಿಟ್ಟು ಇಳಿಯುತ್ತಿದ್ದರು. ಗಂಡಸರು ಮಾತಿಗೆ ಬಂದರೆ ಕೇಳಿಸಿಕೊಂಡು, ಗೊಬ್ಬರ ಹರಡುವವರು ಯಾರು, ಕಳೆ ಕೀಳುವವರು ಯಾರು ಎಂದು ವಿಚಾರಿಸಿ ಆ ಹೆಂಗಸರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮಣ್ಣು ಮುಟ್ಟುವವರು ಅವರು, ಅವರಿಗೆ ಗೊತ್ತಿರುತ್ತದೆ ಎನ್ನುವುದು ಇವರ ಲೆಕ್ಕ.

ಪುಟ್ಟಲಕ್ಷ್ಮಮ್ಮ ನಮ್ಮಲ್ಲಿಗೆ ಬಂದದ್ದು ಎಂಟು ವರ್ಷದ ಹಿಂದೆ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ನಮ್ಮ ಜಿಲ್ಲೆಗೆ ಇಳಿಯುವ ಹೊಳೆಯ ಪಕ್ಕದ ಊರಿನವರು. ಗಂಡ ಹೆಂಡತಿ ಸೇರಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದರು. ಒಂದು ಚೀಲದಲ್ಲಿ ಮಣ್ಣು ತಂದಿದ್ದರು, ಇನ್ನೊಂದರಲ್ಲಿ ಕೊಟ್ಟಿಗೆ ಗೊಬ್ಬರದ ಒಂದು ಹೆಂಟೆ.

"ಹೋದ್ ವರ್ಷ ಹಾಕಿದ್ ಗೊಬ್ರ ಇದು. ಹುಲ್ಲಿನ್ ಎಳೆ ಹಂಗಂಗೇ ಅವೆ ನೋಡಿ ಮೇಡಂ. ಮಣ್ಣು ಇದ್ನ ಯಾಕ್ ತಿಂತಿಲ್ಲ?"

ನಾನು ಗೊಬ್ಬರದ ಹೆಂಟೆಯನ್ನು ಪಕ್ಕಕ್ಕಿಟ್ಟು ಮಣ್ಣನ್ನು ಪರೀಕ್ಷೆಗೆ ಹಾಕಿದೆ. ಸಾರಜನಕ ಹೆಚ್ಚು, ರಂಜಕ ಹೆಚ್ಚು, ಸಾವಯವ ಇಂಗಾಲವೂ ಹೆಚ್ಚು. ಉಪ್ಪು ತುಸು ಜಾಸ್ತಿ, ಆದರೆ ಹದ್ದು ಮೀರಿರಲಿಲ್ಲ. ವಾರದ ನಂತರ ಆಕೆ ಬಂದಾಗ ಕಾರ್ಡು ಕೊಟ್ಟು, ನಿಮ್ಮ ಮಣ್ಣು ತುಂಬ ಚೆನ್ನಾಗಿದೆ, ಯೂರಿಯಾ ಕಡಿಮೆ ಹಾಕಿದರೂ ನಡೆಯುತ್ತದೆ ಎಂದೆ. ಆಕೆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಎದ್ದು ಹೋದರು. ನನ್ನ ಉತ್ತರ ಅವರ ಪ್ರಶ್ನೆಗಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಒಳಗೆ ಬಾಟಲಿ ತೊಳೆಯುತ್ತಿದ್ದ ಇವರು ನಲ್ಲಿ ನಿಲ್ಲಿಸಿ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಆ ಭಾನುವಾರ ಬಸ್ಸು ಹತ್ತಿ ಆಕೆಯ ಊರಿಗೆ ಹೋದರು. ಮುಂದಿನ ಸಲ ನನ್ನನ್ನೂ ಕರೆದುಕೊಂಡು ಹೋದರು.

ಆ ಹೊಳೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಸೇತುವೆ ಕೆಳಗೆ ನೊರೆ ಎದೆಮಟ್ಟ ನಿಂತಿರುತ್ತದೆ, ಗಾಳಿ ಬೀಸಿದರೆ ಹಾರಿ ಬಂದು ಹಿಪ್ಪುನೇರಳೆಯ ಸೊಪ್ಪಿನ ಮೇಲೆ ಕೂರುತ್ತದೆ. ನಗರದ ಕಕ್ಕಸು, ಸೋಪು, ಬಣ್ಣ, ತಗಡಿಗೆ ಲೋಹದ ಲೇಪ ಕೊಟ್ಟು ತೊಳೆದ ನೀರು, ಎಲ್ಲವೂ ಅದರಲ್ಲಿದೆ. ಅಲ್ಲಿ ಫ್ಲಶ್ ಎಳೆದವರಿಗೆ ಅದು ಮುಗಿದ ಮಾತು. ಇಲ್ಲಿ ಅದೇ ನೀರಿಗೆ ಪಂಪ್‌ಸೆಟ್ ಇಟ್ಟು ಗದ್ದೆಗೆ ಹಾಯಿಸುತ್ತಾರೆ. ಪುಟ್ಟಲಕ್ಷ್ಮಮ್ಮನ ಗಂಡ ಅದನ್ನು ಬಚ್ಚಿಡಲಿಲ್ಲ. ಬೇಸಿಗೆಯಲ್ಲೂ ನಿಲ್ಲದ ನೀರು, ಇದನ್ನು ಕೆಟ್ಟದ್ದು ಎಂದು ಬರೆದುಕೊಟ್ಟರೆ ಬೇರೆ ನೀರು ನೀವು ತಂದುಕೊಡುತ್ತೀರಾ ಎಂದು ನಮ್ಮನ್ನೇ ಕೇಳಿದರು. ಊರಿನ ಅರ್ಧ ಜನಕ್ಕೆ ನಾವು ಬಂದದ್ದು ಇಷ್ಟವಿರಲಿಲ್ಲ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಇವರು ವಾದಕ್ಕೆ ನಿಲ್ಲಲಿಲ್ಲ. ಮನೆಯಿಂದ ತಂದಿದ್ದ ತಮ್ಮ ಹಳೆಯ ಬಿಳಿ ಪಂಚೆಯನ್ನು ಗೇಣಗಲದ ತುಂಡುಗಳಾಗಿ ಕತ್ತರಿಸಿ, ಹೊಳೆ ನೀರು ಕುಡಿಯುವ ತಾಕಿನಲ್ಲಿ ಅರ್ಧ ಮೊಳ ಆಳಕ್ಕೆ ಹೂತರು. ಅದೇ ಜಮೀನಿನ ಮೇಲ್ಗಡೆ, ಹೊಳೆ ನೀರು ಏರದ, ಮಳೆಯನ್ನೇ ನಂಬಿದ ಒಂದು ತುಂಡು ನೆಲವಿತ್ತು. ಅಲ್ಲೂ ಹೂತರು. ಕಲ್ಯದ ತಮ್ಮ ರಾಗಿ ಹೊಲದಲ್ಲೂ ಹೂತರು. ಹತ್ತಿಯ ಬಟ್ಟೆ ಮಣ್ಣಿನೊಳಗಿನ ಜೀವಿಗಳಿಗೆ ಊಟ. ಅವು ಇದ್ದರೆ ತಿನ್ನುತ್ತವೆ, ಇಲ್ಲದಿದ್ದರೆ ಬಟ್ಟೆ ಉಳಿಯುತ್ತದೆ. ಇಷ್ಟೇ ಪರೀಕ್ಷೆ.

ಜೊತೆಗೆ ಮೂರೂ ಕಡೆಯ ಮಣ್ಣನ್ನು ತಂದು ಗಾಜಿನ ತಟ್ಟೆಗಳಲ್ಲಿ ಬೆಳೆಸಿದರು. ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ, ಅದು ಹೆಪ್ಪುಗಟ್ಟಲು ಅಗರ್ ಪುಡಿ. ಅಗರ್ ಅವರೇ ಕೊಂಡು ತಂದದ್ದು. ಇದೆಲ್ಲವನ್ನೂ ಆವಿಯಲ್ಲಿ ಕುದಿಸಿ ಶುದ್ಧಮಾಡಿದ ಕುಕ್ಕರು ಅವರ ಹೆಂಡತಿಯದು, ಹೊಸ ಗ್ಯಾಸ್ಕೆಟ್ ಹಾಕಿಸಿ ವಾಪಸು ಕೊಡುತ್ತೇನೆಂದು ಒಪ್ಪಿಸಿ ತಂದಿದ್ದರು. ಆರನೆಯ ದಿನ ನನ್ನನ್ನು ಕರೆದು ತೋರಿಸಿದರು. ಕಲ್ಯದ ತಟ್ಟೆಯಲ್ಲಿ ಸಂತೆಯೇ ನೆರೆದಿತ್ತು. ಮಲ್ಲಿಗೆ ಬಿಳಿ, ಕೇಸರಿ, ಬೂದಿ, ಹಸಿರು ಬೂಷ್ಟು, ಸುಣ್ಣ ಚಿಮುಕಿಸಿದ ಹಾಗೆ ಪುಡಿಪುಡಿಯಾದವು, ಹತ್ತಾರು ಬಗೆ. ಪುಟ್ಟಲಕ್ಷ್ಮಮ್ಮನ ಮೇಲಿನ ನೆಲದ್ದೂ ಹೆಚ್ಚುಕಡಿಮೆ ಹಾಗೆಯೇ. ಹೊಳೆ ನೀರಿನ ತಾಕಿನ ತಟ್ಟೆ ಖಾಲಿ ಇರಲಿಲ್ಲ. ನಾನು ಅಂದುಕೊಂಡದ್ದಕ್ಕಿಂತ ತುಂಬಿತ್ತು. ಆದರೆ ತುಂಬಿದ್ದದ್ದು ಒಂದೇ, ಗಂಜಿಯ ಹಾಗೆ ಲೋಳೆಯಾಗಿ ಅಂಚಿನಿಂದ ಅಂಚಿಗೆ ಹರಡಿಕೊಂಡಿದ್ದ ಒಂದೇ ಜಾತಿ.

"ತಡ್ಕೊಳ್ಳೋರು ಉಳ್ಕೊಂಡವ್ರೆ, ಮಿಕ್ಕೋರು ಹೋಗ್ಬುಟ್ಟವ್ರೆ," ಎಂದರು. "ಕುಂಬಾರ, ಕಮ್ಮಾರ, ಬಡಗಿ, ಸೂಲಗಿತ್ತಿ ಎಲ್ಲಾ ಹೋಗಿ ಊರಲ್ಲಿ ಒಂದೇ ಮನೆತನ ಉಳುದ್ರೆ ಊರು ನಡೀತದಾ ಮೇಡಂ?"

ನನ್ನ ಓದು ನನಗೆ ಅರ್ಥವಾದದ್ದು ಅವತ್ತು. ಹುಲ್ಲನ್ನು ಮುರಿಯುವುದು ಒಂದು ಬಗೆಯ ಜೀವಿ, ಸಗಣಿಯನ್ನು ಕರಗಿಸುವುದು ಇನ್ನೊಂದು, ಅದರ ಸಾರವನ್ನು ಬೇರು ಕುಡಿಯುವ ಹಾಗೆ ಮಾಡಿಕೊಡುವುದು ಮತ್ತೊಂದು. ಲೋಹ, ಸೋಪು, ಉಪ್ಪು ಸೇರಿ ಬಂದಾಗ ನಾಜೂಕಿನವು ಮೊದಲು ಹೋಗುತ್ತವೆ. ಉಳಿದವಕ್ಕೆ ಜೀವ ಹಿಡಿದುಕೊಳ್ಳುವುದೇ ದಿನದ ದುಡಿಮೆ, ಬೇರೆ ಕೆಲಸಕ್ಕೆ ಕೈ ಬಿಡುವಿಲ್ಲ. ಕಾರ್ಡಿನಲ್ಲಿ ನಾನು 'ಹೆಚ್ಚು' ಎಂದು ಹೆಮ್ಮೆಯಿಂದ ಬರೆದಿದ್ದ ಇಂಗಾಲ, ಕೊಳೆಯದೆ ಬಿದ್ದಿದ್ದ ಅದೇ ಗೊಬ್ಬರ. ಉಣ್ಣುವವರಿಲ್ಲದ ಮನೆಯಲ್ಲಿ ಮೂಟೆಗಳು ಪೇರಿಸಿಕೊಂಡೇ ಇರುತ್ತವೆ. ನಾನು ಮೂಟೆ ಎಣಿಸಿ ಸಂಸಾರ ಸುಖವಾಗಿದೆ ಎಂದು ಬರೆದುಕೊಟ್ಟಿದ್ದೆ.

ಒಂದೂವರೆ ತಿಂಗಳಾದ ಮೇಲೆ ಬಟ್ಟೆ ತೆಗೆದೆವು. ಕಲ್ಯದ ತುಂಡು ಸಿಕ್ಕಿದ್ದೇ ಕಷ್ಟ, ಪಂಚೆಯ ಅಂಚು ಬಿಟ್ಟರೆ ಮಿಕ್ಕಿದ್ದು ಜೇಡರ ಬಲೆ. ಮಳೆ ನೀರಿನ ಮೇಲಿನ ನೆಲದ್ದು ಜಾಲರಿ. ಹೊಳೆ ನೀರಿನ ತಾಕಿನದನ್ನು ಪುಟ್ಟಲಕ್ಷ್ಮಮ್ಮನೇ ಅಗೆದು ತೆಗೆದರು. ಕಪ್ಪು ಕಲೆ ಹಿಡಿದಿತ್ತು, ಅಷ್ಟೇ. ಇವರು ಒಂದು ತುದಿ ಹಿಡಿದು ಗಂಡನ ಕೈಗೆ ಇನ್ನೊಂದು ತುದಿ ಕೊಟ್ಟು ಎಳೆಯಿರಿ ಎಂದರು. ಇಬ್ಬರು ಗಂಡಸರು ಎಳೆದರೂ ಹರಿಯಲಿಲ್ಲ. ಗಂಡ ಬಟ್ಟೆ ಬಿಟ್ಟು ಬದುವಿನ ಮೇಲೆ ಕೂತರು. ಆಮೇಲೆ, ಈ ನೆಲದ ಹುಲ್ಲು ಮೇಯ್ದ ಹಸುವಿನ ಹಾಲು ಅಂತ ಮಗುವಿಗೆ ಏನು ಕುಡಿಸುತ್ತಿದ್ದೀವೋ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅದೇ ಸಮಯಕ್ಕೆ ಆ ಊರಿನವರು ಕೊಟ್ಟ ಅರ್ಜಿ ಎಲ್ಲೆಲ್ಲೋ ಸುತ್ತಿ ನಮ್ಮ ಮೇಜಿಗೆ ಬಂತು. ಕಾರ್ಖಾನೆ ನೀರನ್ನು ಹೊಳೆಗೆ ಬಿಡುವುದನ್ನು ನಿಲ್ಲಿಸಬೇಕು, ಜಮೀನು ಹಾಳಾಗುತ್ತಿದೆ ಎಂದು ಅರ್ಜಿ. ಜಮೀನು ಹಾಳಾಗಿದೆಯೇ ಎಂದು ವರದಿ ಕೊಡಿ ಎಂದು ನಮಗೆ ಸೂಚನೆ. ಇವರು ಎರಡು ಪುಟ ವರದಿ ಬರೆದರು, ನೀಲಿ ಶಾಯಿಯಲ್ಲಿ, ತಪ್ಪಿಲ್ಲದ ದುಂಡನೆಯ ಅಕ್ಷರ. ಬಟ್ಟೆಯ ವಿಷಯ, ತಟ್ಟೆಯ ವಿಷಯ, ಕೊಳೆಯದ ಗೊಬ್ಬರದ ವಿಷಯ. ನಾನು ಓದಿದೆ, ಒಪ್ಪಿದೆ, ಸಾಹೇಬರ ಹತ್ತಿರ ತೆಗೆದುಕೊಂಡು ಹೋದೆ.

ಸಾಹೇಬರು ನಕ್ಕರು. ಕುಕ್ಕರಿನಲ್ಲಿ ಬೇಯಿಸಿದ ವರದಿ ಎಂದರು. ಈ ಪರೀಕ್ಷೆ ಮಾಡಲು ನಮ್ಮ ಪ್ರಯೋಗಾಲಯಕ್ಕೆ ಮಾನ್ಯತೆ ಇಲ್ಲ, ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ, ಕಾಲಂನಲ್ಲಿರುವುದನ್ನು ಮಾತ್ರ ಕೊಡಿ ಎಂದರು. ಮಾನ್ಯತೆ ಇಲ್ಲವೆಂಬುದು ನಿಜ. ಹಾಗಿದ್ದರೆ ಮಾನ್ಯತೆ ಇರುವ ಕಡೆ ಪರೀಕ್ಷೆ ಮಾಡಿಸಿ ಎಂದು ಒಂದು ಸಾಲು ಬರೆಯಬಹುದಿತ್ತು. ನಾನು ಅದನ್ನೂ ಬರೆಯಲಿಲ್ಲ. ನನ್ನ ಪ್ರೊಬೇಷನ್ ಘೋಷಣೆಯ ಕಡತ ಅದೇ ಸಾಹೇಬರ ಮೇಜಿನ ಮೇಲಿತ್ತು. ಕೋಷ್ಟಕ ತುಂಬಿಸಿದೆ. ಹೆಚ್ಚು, ಹೆಚ್ಚು, ಹೆಚ್ಚು, ಸಾಮಾನ್ಯ. ಕೆಳಗೆ ಸಹಿ ಹಾಕಿದೆ.

ಅರ್ಜಿಯ ವಿಚಾರಣೆಗೆ ಅಧಿಕಾರಿಗಳು ಕರೆದ ಸಭೆಯಲ್ಲಿ ಆ ಕೋಷ್ಟಕವನ್ನು ಮೈಕಿನಲ್ಲಿ ಓದಿದರು. ಪೋಷಕಾಂಶಗಳು ಯಥೇಚ್ಛವಾಗಿವೆ, ಮಣ್ಣು ಫಲವತ್ತಾಗಿದೆ, ಆದುದರಿಂದ ದೂರಿನಲ್ಲಿ ಹುರುಳಿಲ್ಲ ಎಂದರು. ಹುರುಳಿಲ್ಲ ಎಂಬ ಮಾತಿಗೆ ಪುಟ್ಟಲಕ್ಷ್ಮಮ್ಮ ತಿರುಗಿ ನನ್ನ ಕಡೆ ನೋಡಿದರು. ನಾನು ನನ್ನ ಫೈಲು ನೋಡಿದೆ.

ಹಿಂದಿನ ಸಾಲಿನಿಂದ ಅವರು ಎದ್ದರು. ರಜೆ ಹಾಕಿ ಬಂದಿದ್ದರು. ಕನ್ನಡಕ ಆಗಲೇ ಜೇಬಿನಲ್ಲಿತ್ತು. ನೇರ ಮುಂದೆ ಬಂದು ಆ ಮೂರು ಬಟ್ಟೆ ತುಂಡುಗಳನ್ನು ಅಧಿಕಾರಿಗಳ ಮೇಜಿನ ಮೇಲೆ, ನೀರಿನ ಬಾಟಲಿಗಳ ನಡುವೆ ಹರಡಿದರು. ಅಧ್ಯಕ್ಷತೆ ವಹಿಸಿದ್ದವರು, ನೀವು ಯಾರು ಎಂದು ಕೇಳಿದರು.

"ಲ್ಯಾಬಲ್ಲಿ ಬಾಟ್ಲಿ ತೊಳ್ಯೋನು ಸಾ. ಇದು ನಮ್ಮೂರ್ ಮಣ್ಣು ತಿಂದ್ ಬಟ್ಟೆ. ಇದು ಈಯಮ್ಮನ್ ಜಮೀನ್ದು, ಮಳೆ ನೀರಿಂದು. ಇದು ಹೊಳೆ ನೀರಿಂದು. ಒಸಿ ಎಳ್ದು ನೋಡಿ. ಹರುದ್ರೆ ನಾನ್ ಸುಮ್ನೆ ಹೋಯ್ತೀನಿ."

ಯಾರೂ ಮುಟ್ಟಲಿಲ್ಲ. ಹಿಂದೆ ಕೂತಿದ್ದ ಹೆಂಗಸರು ಎದ್ದು ನಿಂತರು. ಅಧ್ಯಕ್ಷರು, ಇದನ್ನು ಗಮನಕ್ಕೆ ತೆಗೆದುಕೊಳ್ಳಲಾಗಿದೆ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು. ಜವಾನನೊಬ್ಬ ಬಟ್ಟೆ ತುಂಡುಗಳನ್ನು ಎರಡು ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿದ.

ಹತ್ತು ದಿನಕ್ಕೆ ನೋಟಿಸು ಬಂತು. ಅದರ ಒಕ್ಕಣೆ ಇನ್ನೂ ನನ್ನ ಕಣ್ಣ ಮುಂದಿದೆ. ಅನುಮತಿ ಇಲ್ಲದೆ ಪರೀಕ್ಷೆ ನಡೆಸಿದ್ದು, ಕಚೇರಿಯ ವಿಷಯವನ್ನು ಬಹಿರಂಗಪಡಿಸಿದ್ದು, ಮತ್ತು ಖಾಸಗಿ ಅಡುಗೆ ಪಾತ್ರೆಯನ್ನು ಕಾಯಿಸಲು ಸರ್ಕಾರಿ ಗ್ಯಾಸ್ ದುರ್ಬಳಕೆ ಮಾಡಿದ್ದು. ಒಂದು ಹೊಳೆಯನ್ನೇ ಚರಂಡಿ ಮಾಡಿದವರಿಗೆ ನೋಟಿಸು ಹೋಗಲಿಲ್ಲ. ಕುಕ್ಕರಿನ ಎರಡು ಸೀಟಿಗೆ ಹೋಯಿತು. ಅವರು ಉತ್ತರದಲ್ಲಿ, ಬಳಸಿದ ಗ್ಯಾಸಿನ ಬೆಲೆಯನ್ನು ಸಂಬಳದಲ್ಲಿ ಹಿಡಿದುಕೊಳ್ಳಬಹುದು, ಆದರೆ ಫಲಿತಾಂಶವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಬರೆದರು. ಆಮೇಲೆ ವರ್ಗಾವಣೆ. ಕನಕಪುರದಾಚೆ, ಉಯ್ಯಂಬಳ್ಳಿ ಕಡೆಯ ಒಂದು ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ. ಕಲ್ಯದಿಂದ ಮಾಗಡಿ, ರಾಮನಗರ, ಕನಕಪುರ ಎಂದು ಬಸ್ಸು ಬದಲಿಸುತ್ತಾ ಹೋಗಬೇಕು. ಕೊನೆಗೆ ಅಲ್ಲೇ ಒಂದು ಕೋಣೆ ಹಿಡಿದರು.

ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

"ನೀವು ಸುಳ್ ಬರೀಲಿಲ್ಲ ಮೇಡಂ. ಅದೇ ನಂಗೆ ಬೇಜಾರು. ಸುಳ್ ಬರ್ದಿದ್ರೆ ಯಾವತ್ತಾರ ಯಾರಾರ ಹಿಡ್ಕೊಳ್ಳೋರು. ನೀವ್ ಬರ್ದಿದ್ದೆಲ್ಲಾ ನಿಜ. ಇದ್ನ ಯಾರ್ ಹಿಡೀತಾರೆ?"

ಉತ್ತರಕ್ಕೆ ಕಾಯದೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಗೋದಾಮಿನಿಂದ ನಿವೃತ್ತರಾಗುವವರೆಗೂ, ಆದಮೇಲೂ, ತಿಂಗಳಿಗೊಮ್ಮೆ ಪುಟ್ಟಲಕ್ಷ್ಮಮ್ಮನ ಜಮೀನಿಗೆ ಹೋಗುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಗಂಡ ಹೆಂಡತಿ ಕೆಳಗಿನ ಒಂದು ತಾಕಿಗೆ ಹೊಳೆ ನೀರು ನಿಲ್ಲಿಸಿದ್ದರು. ಮನೆಯ ಹಿಂದೆ ಸಣ್ಣ ಕೃಷಿಹೊಂಡ ತೋಡಿ, ಮಳೆ ನೀರಿಗಷ್ಟೇ ಆಗುವ ಬೆಳೆಗೆ ಇಳಿದರು. ವರ್ಷಕ್ಕೆರಡು ಸಲ ಹಸಿರು ಗೊಬ್ಬರಕ್ಕೆಂದು ಅಪ್ಸೆಣಬು ಬಿತ್ತಿ, ಹೂ ಬರುವ ಮುಂಚೆ ಮಣ್ಣಿಗೆ ಮಗುಚಿದರು. ಇವರು ಕಲ್ಯದ ತಮ್ಮ ಹೊಲದ ಹೊಂಗೆ ಮರಗಳ ಬುಡದಿಂದ ಮಣ್ಣು ಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತಂದು ಎರಚುತ್ತಿದ್ದರಂತೆ. ಕಂಡಕ್ಟರು ಲಗೇಜು ಚೀಟಿ ಹರಿದು ಕೊಡುತ್ತಿದ್ದನಂತೆ. ಅದರಿಂದ ಆಗಿಯೇ ತೀರುತ್ತದೆ ಎಂದು ಅವರು ಎಂದೂ ಹೇಳಲಿಲ್ಲ. ಹೊಸ ಜಾಗಕ್ಕೆ ಬಂದವರು, ಹಿಡಿಸಿದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಇಲ್ಲ ಎಂದಿದ್ದರಂತೆ. ಒಳಗೆ ಸೇರಿದ ಲೋಹ ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದ್ದರು.

ಮೂರನೆಯ ವರ್ಷ ಆ ತಾಕಿನಲ್ಲಿ ಹೂತ ಬಟ್ಟೆ, ಹಿಡಿದು ಎಳೆದಾಗ ನಡುವೆ ಹರಿಯಿತು. ಎರೆಹುಳು ಇನ್ನೂ ಬಂದಿಲ್ಲ. ಪಕ್ಕದ ತಾಕುಗಳಲ್ಲಿ ಹೊಳೆ ನೀರು ಹರಿಯುತ್ತಲೇ ಇದೆ. ಬೇರೆ ನೀರಿಲ್ಲದವರು ಏನು ಮಾಡಿಯಾರು?

ಅವರು ಹೋದ ಸುದ್ದಿ ಬಂದ ಮರುದಿನ ನಾನು ಕಲ್ಯಕ್ಕೆ ಹೋಗಿ ಅವರ ಹೆಂಡತಿಯನ್ನು ಕಂಡು ಬಂದೆ. ಹೊಲದಲ್ಲೇ ಎದೆನೋವು ಬಂದಿತ್ತಂತೆ, ಮಾಗಡಿ ಆಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿದಿತ್ತು. ಅಲ್ಲಿಂದ ನೇರ ಪುಟ್ಟಲಕ್ಷ್ಮಮ್ಮನ ಊರಿಗೆ ಹೋದೆ. ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ಹೇಳಿದಾಗ ಕೈಯಲ್ಲಿದ್ದ ಸೊಪ್ಪಿನ ಕಂತೆ ಕೆಳಗಿಟ್ಟು ಅಲ್ಲೇ ಜಗಲಿಯ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, ಅಣ್ಣ ಹೋದ ತಿಂಗಳು ಬಂದಾಗ ಮುದ್ದೆ ಉಂಡು ಹೋದರು ಎಂದರು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರು ತಂದರು. ಊರಿನವರು ಈ ವರ್ಷ ಮತ್ತೆ ಅರ್ಜಿ ಕೊಟ್ಟಿದ್ದರಂತೆ. ಅದಕ್ಕೆ ಬಂದ ಉತ್ತರ ಅದು. ಮಣ್ಣು ಫಲವತ್ತಾಗಿರುವುದು ಈಗಾಗಲೇ ದೃಢಪಟ್ಟಿದೆ ಎಂದು ಬರೆದು, ಕೆಳಗೆ ಒಂದು ನೆರಳಚ್ಚು ಲಗತ್ತಿಸಿದ್ದರು.

"ಇದು ನಿಮ್ ಸೈನೇ ಅಲ್ವಾ ಮೇಡಂ?"

ನನ್ನದೇ. ಎಂಟು ವರ್ಷದ ಹಿಂದಿನದು. ಎಷ್ಟು ಸಲ ನೆರಳಚ್ಚಾಗಿತ್ತೋ, ಅಕ್ಷರಗಳು ದಪ್ಪವಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇಷ್ಟು ವರ್ಷ ಒಂದೊಂದು ಅರ್ಜಿಗೂ ಅದನ್ನೇ ಲಗತ್ತಿಸಿ ಕಳಿಸಿದ್ದರು. ಅವರು ಬಸ್ಸಿನಲ್ಲಿ ಮಣ್ಣು ಹೊತ್ತು ತಿರುಗುತ್ತಿದ್ದಾಗ ನನ್ನ ಸಹಿ ಅವರ ವಿರುದ್ಧ ಕೆಲಸ ಮಾಡುತ್ತಲೇ ಇತ್ತು. ನಾನು ಬಡ್ತಿ ಪಡೆದು ಚನ್ನಪಟ್ಟಣಕ್ಕೆ ಬಂದು ಅದನ್ನು ಮರೆತಿದ್ದೆ. ಕೋಪ ಬಂತು, ಸಾಹೇಬರ ಮೇಲೆ, ಇಲಾಖೆಯ ಮೇಲೆ, ಆ ಹೊಳೆಗೆ ಬೆನ್ನು ಮಾಡಿ ನಿಂತಿರುವ ನಗರದ ಮೇಲೆ. ಆದರೆ ಕಾಗದದ ಮೇಲಿದ್ದ ಹೆಸರು ಅವರಾರದ್ದೂ ಅಲ್ಲ.

ಎರಡು ದಿನ ಕೂತು ಒಂದು ಪತ್ರ ಬರೆದೆ. ಆ ಕೋಷ್ಟಕದಿಂದ ಮಣ್ಣಿನ ಆರೋಗ್ಯ ತಿಳಿಯುವುದಿಲ್ಲ, ಅಂದು ಕಂಡುಬಂದ ಮುಖ್ಯ ಸಂಗತಿಗಳನ್ನು ನಾನು ವರದಿಯಿಂದ ಕೈಬಿಟ್ಟೆ, ಜೀವಿಗಳ ಪರೀಕ್ಷೆಯನ್ನು ಮಾನ್ಯತೆ ಇರುವ ಕಡೆ ಮಾಡಿಸದೆ ಆ ವರದಿಯನ್ನು ಇನ್ನು ಬಳಸಕೂಡದು ಎಂದು ಬರೆದೆ. ಬಟ್ಟೆಯ ವಿಷಯ, ತಟ್ಟೆಯ ವಿಷಯ ನೆನಪಿದ್ದಷ್ಟೂ ಸೇರಿಸಿದೆ. ಇದರ ಪರಿಣಾಮ ಏನಾಗಬಹುದು ಎಂದು ನನಗೆ ಗೊತ್ತು. ಕಳಿಸುವ ಮುಂಚೆ ಪುಟ್ಟಲಕ್ಷ್ಮಮ್ಮನಿಗೆ ತೋರಿಸಲು ತೆಗೆದುಕೊಂಡು ಹೋದೆ. ಹೊಗಳಿಸಿಕೊಳ್ಳುವ ಆಸೆಯೂ ಒಂದು ಮೂಲೆಯಲ್ಲಿ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅವರು ಜಗಲಿಯಲ್ಲಿ ಕೂತು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಎರಡನೆಯ ಪುಟದ ನಡುವೆ ಬೆರಳು ನಿಂತಿತು.

"ಪ್ರಯೋಗಾಲಯದ ಸಿಬ್ಬಂದಿ ಅಂತ ಬರ್ದಿದ್ದೀರಲ್ಲ. ಅಣ್ಣನ್ ಹೆಸ್ರು ಎಲ್ಲೈತೆ?"

ಇರಲಿಲ್ಲ. ಕಚೇರಿಯ ಪತ್ರಗಳಲ್ಲಿ ನಾವು ಹಾಗೆಯೇ ಬರೆಯುವುದು. ಕೈಗೆ ಅದು ಅಭ್ಯಾಸವಾಗಿ ಹೋಗಿದೆ.

ಈ ಬರಹದಲ್ಲೂ ಅವರ ಹೆಸರಿಲ್ಲ. ಕುಟುಂಬ ಪಿಂಚಣಿಯ ಕಾಗದ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ, ಪೇಪರಿನವರ ಕಣ್ಣಿಗೆ ಬೀಳುವಂಥ ಕಡೆ ಹಾಕಬೇಡಿ ತಾಯಿ ಎಂದು ಅವರ ಹೆಂಡತಿ ಕೇಳಿಕೊಂಡಿದ್ದಾರೆ. ಸತ್ತ ಮನುಷ್ಯನ ಹೆಸರಿಗೂ ಹೆದರಬೇಕಾದ ಸ್ಥಿತಿಯಲ್ಲಿ ಆ ಮನೆಯನ್ನು ನಾವು ಇಟ್ಟಿದ್ದೇವೆ. ಆದರೆ ಪತ್ರದಲ್ಲಿ ಬರೆಯಲೇಬೇಕು ಎಂದು ಆಕೆಯೇ ಹೇಳಿದರು, ಅದು ತಮ್ಮ ಗಂಡನದೇ ಕೆಲಸ ಎಂದರು. ಹಾಗಾಗಿ ಆ ಪುಟವನ್ನು ಹರಿದು ಬೇರೆ ಬರೆದೆ. ತಂದೆಯ ಹೆಸರು, ಊರು ಕಲ್ಯ, ತಾಲ್ಲೂಕು ಮಾಗಡಿ, ಹುದ್ದೆ ಲ್ಯಾಬ್ ಸಹಾಯಕ, ಎಲ್ಲ ಸೇರಿಸಿ ಅವರ ಪೂರ್ತಿ ಹೆಸರನ್ನು ಪರೀಕ್ಷೆ ಮಾಡಿದವರು ಎಂಬ ಸಾಲಿನ ಮುಂದೆ ಬರೆದು, ಅದರ ಕೆಳಗೆ ನನ್ನದನ್ನು ಬರೆದು, ಚನ್ನಪಟ್ಟಣದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ಬಂದೆ.